ಪೆಟ್ರೋಲ್ ಯಾವ ದಿನ ಸೋರಿತು ಎಂದು ಲ್ಯಾಬ್ ಟೆಸ್ಟ್ ಹೇಳಬಲ್ಲದೇ?

ಬಾವಿ ನೀರಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ಎಲ್ಲರೂ ಮೊದಲು ಬೆರಳು ತೋರಿಸುವುದು ಹತ್ತಿರದ ಬಂಕ್ ಕಡೆಗೆ. ಬಂಕ್‌ನವರು "ನಾವು ತಗೊಂಡು ಮೂರೇ ವರ್ಷ, ಇದು ಹಳೇ ಮಾಲೀಕರ ಕಾಲದ್ದು" ಎನ್ನಬಹುದು. ಆಗ ಯಾರೋ ಒಬ್ಬರು "ಲ್ಯಾಬ್‌ಗೆ ಕಳಿಸಿ, ಸೋರಿದ ದಿನವೇ ಗೊತ್ತಾಗುತ್ತೆ" ಎನ್ನುತ್ತಾರೆ. ಇದು ನಿಜವೇ?

ಅರ್ಧ ನಿಜ. ಸೋರಿಕೆ ಹಳೆಯದೋ ಹೊಸದೋ ಎಂದು ರಸಾಯನಶಾಸ್ತ್ರ ಅಂದಾಜಿಸಬಲ್ಲದು. ದಿನಾಂಕ ಹೇಳಲಾರದು.

ಈ ಪ್ರಶ್ನೆ ಯಾಕೆ ಮುಖ್ಯ?

ಸೋರಿಕೆ ಯಾರ ಕಾಲದಲ್ಲಿ ಆಯಿತೋ ಅವರೇ ಶುಚಿಗೊಳಿಸುವ ಖರ್ಚು ಕೊಡಬೇಕು ಎಂಬ ವಾದಗಳು ಅಮೆರಿಕದಲ್ಲಿ ಕೋರ್ಟ್ ಮೆಟ್ಟಿಲೇರುತ್ತವೆ. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಗರ 1996ರಲ್ಲಿ ತನ್ನ ಹಲವು ಕುಡಿಯುವ ನೀರಿನ ಬಾವಿಗಳನ್ನೇ ಮುಚ್ಚಬೇಕಾಯಿತು. ಕಾರಣ, ಪೆಟ್ರೋಲ್‌ಗೆ ಬೆರೆಸುತ್ತಿದ್ದ ಎಂಟಿಬಿಇ ಎಂಬ ರಾಸಾಯನಿಕ ಅಂತರ್ಜಲ ಸೇರಿತ್ತು.

ಮೊದಲ ಸುಳಿವು: ಏನು ಬೆರೆಸಿದ್ದರು?

ಪೆಟ್ರೋಲ್‌ಗೆ ಬೆರೆಸುವ ವಸ್ತುಗಳು ಕಾಲಕಾಲಕ್ಕೆ ಬದಲಾಗಿವೆ. ಅಮೆರಿಕದಲ್ಲಿ 1923ರಿಂದ ಸೀಸದ ಸಂಯುಕ್ತ ಬೆರೆಸಿದ ಪೆಟ್ರೋಲ್ ಮಾರಾಟವಾಯಿತು. ರಸ್ತೆ ವಾಹನಗಳಿಗೆ ಅದು 1996ರಲ್ಲಿ ನಿಷೇಧವಾಯಿತು. ಭಾರತದಾದ್ಯಂತ ಸೀಸರಹಿತ ಪೆಟ್ರೋಲ್ ಬಂದದ್ದು 2000ರಲ್ಲಿ. ಎಂಟಿಬಿಇ ಅಮೆರಿಕದಲ್ಲಿ ಬಳಕೆಗೆ ಬಂದದ್ದು 1979ರಲ್ಲಿ. ಕ್ಯಾಲಿಫೋರ್ನಿಯಾ ಅದನ್ನು 2003ರ ಕೊನೆಗೆ ನಿಲ್ಲಿಸಿತು.

ಹಾಗಾಗಿ ಅಲ್ಲಿನ ಮಣ್ಣಿನಲ್ಲಿ ಎಂಟಿಬಿಇ ಸಿಕ್ಕರೆ, ಸೋರಿದ ಪೆಟ್ರೋಲ್‌ನಲ್ಲಿ ಸ್ವಲ್ಪವಾದರೂ 1979ರ ನಂತರದ್ದು ಎನ್ನಬಹುದು. ಆದರೆ ಸಿಗದಿದ್ದರೆ? ಏನೂ ಹೇಳಲಾಗದು. ಅದು ನೀರಿನಲ್ಲಿ ಸುಲಭವಾಗಿ ಕರಗಿ ದೂರ ಹರಿದುಹೋಗುತ್ತದೆ. ಇಂದಿನ ಎಥೆನಾಲ್ ಕೂಡ ಹಾಗೆಯೇ. ಜೊತೆಗೆ ಬ್ಯಾಕ್ಟೀರಿಯಾಗಳು ಅದನ್ನು ಬೇಗ ತಿಂದುಬಿಡುತ್ತವೆ.

ಎರಡನೇ ಸುಳಿವು: ಏನು ಉಳಿದಿದೆ?

ಪೆಟ್ರೋಲ್ ನೂರಾರು ರಾಸಾಯನಿಕಗಳ ಮಿಶ್ರಣ. ಗ್ಯಾಸ್ ಕ್ರೊಮ್ಯಾಟೊಗ್ರಫಿ ಯಂತ್ರ ಅವನ್ನು ಬೇರ್ಪಡಿಸಿ ಅಳೆಯುತ್ತದೆ. ಒಂದು ಲೀಟರ್ ನೀರಿನಲ್ಲಿ ಬೆಂಜೀನ್ ಸುಮಾರು 1.8 ಗ್ರಾಂ ಕರಗಿದರೆ, ಕ್ಸೈಲೀನ್ ಕರಗುವುದು ಸುಮಾರು 0.2 ಗ್ರಾಂ ಮಾತ್ರ. ಆದ್ದರಿಂದ ಹೊಸ ಸೋರಿಕೆಯ ಪಕ್ಕದ ನೀರಿನಲ್ಲಿ ಬೆಂಜೀನ್, ಟಾಲ್ವೀನ್ ಪಾಲು ಹೆಚ್ಚಿರುತ್ತದೆ. ವರ್ಷ ಕಳೆದಂತೆ ಅವು ತೊಳೆದುಹೋಗಿ, ಕ್ಸೈಲೀನ್, ಈಥೈಲ್‌ಬೆಂಜೀನ್ ಪಾಲು ಹೆಚ್ಚಾಗುತ್ತದೆ. ಈ ಅನುಪಾತ ನೋಡಿ ತಜ್ಞರು ವಯಸ್ಸು ಅಂದಾಜಿಸುತ್ತಾರೆ.

ಲೆಕ್ಕ ತಪ್ಪುವುದು ಎಲ್ಲಿ?

ಈ ಬದಲಾವಣೆಯ ವೇಗ ಎಲ್ಲ ಕಡೆ ಒಂದೇ ಅಲ್ಲ. ಮರಳು ಮಣ್ಣಿನಲ್ಲಿ ನೀರು ಬೇಗ ಇಳಿಯುತ್ತದೆ, ಜೇಡಿಮಣ್ಣಿನಲ್ಲಿ ನಿಧಾನ. ಮಳೆ, ಸೆಕೆ, ಬ್ಯಾಕ್ಟೀರಿಯಾ, ಸೋರಿದ ಪ್ರಮಾಣ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹಳೇ ಸೋರಿಕೆಯ ಮೇಲೆ ಹೊಸದು ಬಿದ್ದರೆ ಎರಡೂ ಬೆರೆತು ಗೊಂದಲವಾಗುತ್ತದೆ. ಟ್ಯಾಂಕ್ ವರ್ಷಗಟ್ಟಲೆ ತೊಟ್ಟಿಕ್ಕಿದ್ದರೆ ಸೋರಿದ "ದಿನ" ಎಂಬುದೇ ಇರುವುದಿಲ್ಲ.

ಡೀಸೆಲ್‌ಗೆ ಬೇರೆ ವಿಧಾನವಿದೆ. 1993ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ಪ್ರಕಟಿಸಿದ ಆ ವಿಧಾನ, ಬ್ಯಾಕ್ಟೀರಿಯಾ ಬೇಗ ತಿನ್ನುವ ಒಂದು ಅಣುವನ್ನು ನಿಧಾನವಾಗಿ ತಿನ್ನುವ ಪ್ರಿಸ್ಟೇನ್ ಜೊತೆ ಹೋಲಿಸುತ್ತದೆ. ಅಷ್ಟು ಭಾರದ ಅಣುಗಳು ಪೆಟ್ರೋಲ್‌ನಲ್ಲಿ ಇಲ್ಲದ ಕಾರಣ ಅದನ್ನು ಇಲ್ಲಿ ಬಳಸಲಾಗದು.

ಹೀಗಾಗಿ ಒಳ್ಳೆಯ ತಜ್ಞರು ಒಂದೇ ಟೆಸ್ಟ್ ನಂಬುವುದಿಲ್ಲ. ಟ್ಯಾಂಕ್ ಹಾಕಿದ ವರ್ಷ, ದಿನನಿತ್ಯದ ಸ್ಟಾಕ್ ಲೆಕ್ಕ, ರಿಪೇರಿ ದಾಖಲೆಗಳ ಜೊತೆ ಇಟ್ಟು ನೋಡುತ್ತಾರೆ.

ನಿಮ್ಮ ಬಾವಿಯಲ್ಲಿ ವಾಸನೆ ಬಂದರೆ

ಸೋರಿಕೆಯ ವಯಸ್ಸು ಆಮೇಲೆ ನೋಡಿದರಾಯಿತು. ಮೊದಲು ಆ ನೀರು ಕುಡಿಯುವುದು, ಅಡುಗೆಗೆ ಬಳಸುವುದು ನಿಲ್ಲಿಸಿ. ಬೆಂಜೀನ್ ರಕ್ತದ ಕ್ಯಾನ್ಸರ್ ತರಬಲ್ಲದು; ಕುಡಿಯುವ ನೀರಿನಲ್ಲಿ ಲೀಟರ್‌ಗೆ 10 ಮೈಕ್ರೋಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. "ಕುದಿಸಿದರೆ ಸರಿಹೋಗುತ್ತೆ" ಎಂಬ ಮಾತು ನಂಬಬೇಡಿ: ಆ ಆವಿ ನಿಮ್ಮ ಅಡುಗೆಮನೆಯ ಗಾಳಿಗೇ ಸೇರುತ್ತದೆ, ಬೆಂಕಿಯ ಅಪಾಯವೂ ಇದೆ. ಬಾವಿಯ ಬಳಿ ಬೆಂಕಿಕಡ್ಡಿ, ಬೀಡಿ, ಸಿಗರೇಟ್ ಬೇಡ. ಗ್ರಾಮ ಪಂಚಾಯಿತಿ ಅಥವಾ ನಗರಸಭೆಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಟ್ಟು ನೀರಿನ ಪರೀಕ್ಷೆ ಮಾಡಿಸಿ.

"ಲ್ಯಾಬ್ ರಿಪೋರ್ಟ್‌ನಲ್ಲಿ ಸೋರಿದ ದಿನಾಂಕ ಸಿಕ್ಕಿದೆ, ಇವರೇ ತಪ್ಪಿತಸ್ಥರು" ಎಂಬ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಒಂದು ಪ್ರಶ್ನೆ ಕೇಳಿ: ಆ ರಿಪೋರ್ಟ್‌ನಲ್ಲಿ ಇರುವುದು ದಿನಾಂಕವೋ, ಅಂದಾಜೋ?