ಹುಳಕ್ಕೆ ಹುಳವೇ ಮೇವು

ವಿದೇಶಿ ಹಲ್ಲಿ, ಜೇಡ ಸಾಕುವವರು ಅವುಗಳಿಗೆ ತಿನ್ನಿಸಲೆಂದೇ ದಕ್ಷಿಣ ಅಮೆರಿಕ ಮೂಲದ ಡುಬಿಯಾ ಜಿರಲೆಗಳನ್ನು ಮೊಟ್ಟೆಯ ಟ್ರೇಗಳ ನಡುವೆ ಬೆಳೆಸುತ್ತಾರೆ. ಕೇಳಿದವರು ಮೂಗು ಮುರಿಯಬಹುದು. ಆದರೆ ಹುಳಕ್ಕಾಗಿ ಹುಳ ಸಾಕುವ ಕೆಲಸ ನಮ್ಮ ಬೇಸಾಯಕ್ಕೆ ಹೊಸದಲ್ಲ. ಗದಗ ಸೀಮೆಯ ಮನೆಮನೆಗೂ ಗೊತ್ತಿರುವ ಜೋಳದ ನುಚ್ಚೇ ಅದಕ್ಕೆ ಬಂಡವಾಳ.

ಟ್ರೈಕೊಗ್ರಾಮ ಎಂಬ ಕಣಜದ ಗಾತ್ರ ಸುಮಾರು ಅರ್ಧ ಮಿಲಿಮೀಟರ್. ಅದು ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಬೆಳೆ ತಿನ್ನುವ ಹುಳ ಹುಟ್ಟಬೇಕಾದಲ್ಲಿ ಕಣಜ ಹೊರಬರುತ್ತದೆ. ಲಕ್ಷಗಟ್ಟಲೆ ಕಣಜ ಬೇಕೆಂದರೆ ಲಕ್ಷಗಟ್ಟಲೆ ಪತಂಗದ ಮೊಟ್ಟೆ ಬೇಕು. ಕಾಳು ತಿನ್ನುವ ಪತಂಗವನ್ನು ಸಾಕಿ ಇದಕ್ಕೆ ದಾರಿ ಮಾಡಿದವರು 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಫ್ಲಾಂಡರ್ಸ್. ಮೈಸೂರು ಸಂಸ್ಥಾನದಲ್ಲಿ ಕಬ್ಬಿನ ಕೊರಕದ ವಿರುದ್ಧ ಕಣಜ ಬೆಳೆಸಿದ ಪ್ರಯೋಗಗಳನ್ನು ಟಿ.ವಿ. ಸುಬ್ರಹ್ಮಣ್ಯಂ 1937ರಲ್ಲಿ ಪ್ರಕಟಿಸಿದರು. 1957ರಲ್ಲಿ ಬೆಂಗಳೂರಿಗೆ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಕೇಂದ್ರ ಬಂತು. ಇಂದು ಅಲ್ಲಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಈ ಕೆಲಸದ ಮುಖ್ಯ ನೆಲೆ.

ನಮ್ಮಲ್ಲಿ ಸಾಕುವುದು ಅಕ್ಕಿ ಪತಂಗ. ಕಾಯಿಸಿ ಆರಿಸಿದ ಎರಡೂವರೆ ಕಿಲೋ ಜೋಳದ ನುಚ್ಚಿಗೆ ಶೇಂಗಾ ಪುಡಿ, ಚೂರು ಯೀಸ್ಟ್ ಬೆರೆಸಿ ಪೆಟ್ಟಿಗೆಗೆ ಹಾಕಿ, ಮೇಲೆ ಪತಂಗದ ಮೊಟ್ಟೆ ಉದುರಿಸುತ್ತಾರೆ. ಮರಿಹುಳಗಳು ನುಚ್ಚನ್ನೆಲ್ಲ ನೂಲಿನಿಂದ ಹೆಣೆದು ಒಳಗೇ ಮೇಯುತ್ತವೆ. ಸುಮಾರು 40 ದಿನಕ್ಕೆ ಬೂದುಬಣ್ಣದ ಪತಂಗಗಳು ಏಳುತ್ತವೆ. ಅವು ಇಟ್ಟ ಮೊಟ್ಟೆಯನ್ನು ಜರಡಿ ಹಿಡಿದು, ಕಾರ್ಡಿಗೆ ಗೋಂದು ಬಳಿದು ಅಂಟಿಸಿ, ಮೊಟ್ಟೆಯೊಡೆದು ಹುಳ ಹೊರಬರದಂತೆ ನೇರಳಾತೀತ ಬೆಳಕಿಗೆ ಒಡ್ಡುತ್ತಾರೆ. ನಂತರ ಕಣಜಗಳ ಸರದಿ. ಮೂರ್ನಾಲ್ಕು ದಿನಕ್ಕೆ ಬಿಳಿ ಮೊಟ್ಟೆ ಕಪ್ಪಾಯಿತೆಂದರೆ ಟ್ರೈಕೊ ಕಾರ್ಡ್ ಸಿದ್ಧ.

ಎಲ್ಲ ಬೆಳೆಗೂ ಇದು ನಡೆಯುವುದಿಲ್ಲ. ಮುಂಡರಗಿ ಕಡೆಯ ಎರೆಹೊಲದ ಕಡಲೆಯಲ್ಲಿ ಕಣಜ ಸೋಲುತ್ತದೆ. ಎಲೆ ಒಸರುವ ಹುಳಿಯೇ ಅದಕ್ಕೆ ಕಂಟಕ. ಕಡಲೆ ಬೆಳೆಯುವವರು ಇದನ್ನು ನಂಬಿ ದುಡ್ಡು ಕಳೆದುಕೊಳ್ಳಬಾರದು. ಗೋವಿನಜೋಳದ ಮಾತೇ ಬೇರೆ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ದೇಶದಲ್ಲೇ ಮೊದಲ ಬಾರಿಗೆ ಕಂಡ ಫಾಲ್ ಸೈನಿಕ ಹುಳುವಿಗೆ ಎಕರೆಗೆ 50,000 ಕಣಜ ಬಿಡಬೇಕೆಂಬುದು ಕೇಂದ್ರ ಸರ್ಕಾರದ ಸಲಹೆ.

ಶಿರಹಟ್ಟಿ, ಲಕ್ಷ್ಮೇಶ್ವರದ ಗೋವಿನಜೋಳದ ರೈತರು ಇದನ್ನು ಒಮ್ಮೆ ಮಾಡಿ ನೋಡಬೇಕು. ಗಿಡದಲ್ಲಿ ಹುಳು ಕಂಡ ಮೇಲಲ್ಲ, ಪತಂಗ ಹಾರಾಡುವಾಗಲೇ ಕಾರ್ಡ್ ತನ್ನಿ. ತಂಪುಹೊತ್ತಿನಲ್ಲಿ ಎಲೆಯ ಅಡಿಗೆ ಸಿಕ್ಕಿಸಿ. ಆ ವಾರ ಮಾತ್ರ ದಯವಿಟ್ಟು ಎಣ್ಣೆ ಹೊಡೆಯಬೇಡಿ.