ವೇಗದ ಆಸೆ, ಬಿಸಿಯ ಲೆಕ್ಕ

ಕಂಪ್ಯೂಟರಿನ ಪ್ರೊಸೆಸರನ್ನು ತಯಾರಕರು ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚು ಓಡಿಸುವುದೇ ಓವರ್‌ಕ್ಲಾಕಿಂಗ್. 1998ರಲ್ಲಿ ಬಂದ ಇಂಟೆಲ್‌ನ 300 ಮೆಗಾಹರ್ಟ್ಸ್ ಸೆಲೆರಾನ್ 300ಎ ಚಿಪ್ಪನ್ನು ಅನೇಕ ಹವ್ಯಾಸಿಗಳು 450ಕ್ಕೆ ಏರಿಸಿದ್ದರು. ಆ ಆಸೆ ಇಂದಿಗೂ ಕಾಲೇಜು ಹುಡುಗರನ್ನು ಬಿಟ್ಟಿಲ್ಲ.

ಆದರೆ ವೇಗ ಪುಕ್ಕಟೆ ಬರುವುದಿಲ್ಲ. ಚಿಪ್ಪು ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ. ಅದು ವೇಗ ಏರಿದಷ್ಟೇ ಏರುತ್ತದೆ. ವೋಲ್ಟೇಜ್ ಏರಿಸಿದರೋ, ಅದರ ವರ್ಗದ ಪ್ರಮಾಣದಲ್ಲಿ. ಎರಡನ್ನೂ ಶೇ 10ರಷ್ಟು ಹೆಚ್ಚಿಸಿದರೆ ಬಿಸಿ ಸುಮಾರು ಶೇ 33ರಷ್ಟು ಹೆಚ್ಚು! ಆದ್ದರಿಂದ ಮೊದಲು ವೇಗವನ್ನಷ್ಟೇ ಸ್ವಲ್ಪ ಸ್ವಲ್ಪವಾಗಿ ಏರಿಸಿ. ವೋಲ್ಟೇಜಿಗೆ ಕೈಹಾಕುವುದು ಕೊನೆಗಿರಲಿ.

ಪ್ರತಿ ಸಲವೂ ಅರ್ಧ ಗಂಟೆ ಭಾರಿ ಕೆಲಸ ಕೊಟ್ಟು ಉಷ್ಣತೆ ನೋಡಿ. ಇಂದಿನ ಅನೇಕ ಚಿಪ್ಪುಗಳು 95–100 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಆಗ ಏರಿಸಿದ್ದೂ ವ್ಯರ್ಥ. ಫ್ಯಾನು ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಜನವರಿಯಲ್ಲಿ ಸರಿಯಿದ್ದ ಯಂತ್ರ ರಾಯಚೂರಿನ ಮೇ ತಿಂಗಳಲ್ಲಿ ಕೈಕೊಡಬಹುದು. ದೂಳು ತೆಗೆಯಿರಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ.

ಪಾಲಕರೇ, ಹೀಗೆ ಕೆಟ್ಟ ಚಿಪ್ಪಿಗೆ ಸಾಮಾನ್ಯವಾಗಿ ವಾರಂಟಿ ಸಿಗದು. ಮಕ್ಕಳನ್ನು ಗದರಿಸುವ ಬದಲು, ‘ಈಗ ಡಿಗ್ರಿ ಎಷ್ಟಿದೆ?’ ಎಂದು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ, ವೇಗ ಏರಿಸುವ ಕಾಲ ಇನ್ನೂ ಬಂದಿಲ್ಲ.