ಸೋಯಾ ಕಾಳಿನ ಕಿಣ್ವ ಬಿಳಿರಕ್ತಕಣದಲ್ಲಿ

ಸೋಯಾ ಕಾಳನ್ನು ನೆನೆಸಿ ಹಸಿಯಾಗಿ ರುಬ್ಬಿದರೆ ಮೂಗಿಗೆ ಹೊಡೆಯುವ ಒಂದು ಹಸಿ ವಾಸನೆ ಏಳುತ್ತದೆ. ಕಾಳಿನ ಕೊಬ್ಬಿಗೆ ಗಾಳಿಯ ಆಮ್ಲಜನಕವನ್ನು ಸೇರಿಸುವ ಲಿಪಾಕ್ಸಿಜನೇಸ್ ಎಂಬ ಕಿಣ್ವವೇ ಅದಕ್ಕೆ ಮುಖ್ಯ ಕಾರಣ. ಸ್ವೀಡನ್ನಿನ ಹ್ಯೂಗೊ ಥಿಯೊರೆಲ್ ಮತ್ತು ಸಂಗಡಿಗರು 1947ರಲ್ಲಿ ಸೋಯಾದಿಂದ ಅದನ್ನು ಹರಳುರೂಪದಲ್ಲಿ ಬೇರ್ಪಡಿಸಿದರು. ಮುಂದೆ ಕಾಲು ಶತಮಾನ ಕಾಲ ಇದು ಗಿಡಮರಗಳಿಗೆ ಸೇರಿದ್ದು, ಪ್ರಾಣಿಗಳ ಮೈಯಲ್ಲಿ ಇದಕ್ಕೆ ಕೆಲಸವಿಲ್ಲ ಎಂದೇ ಹೆಚ್ಚಿನವರು ನಂಬಿದ್ದರು.

ಅತ್ತ ಔಷಧವಿಜ್ಞಾನಿಗಳನ್ನು ಇನ್ನೊಂದು ಒಗಟು ಕಾಡುತ್ತಿತ್ತು. 1938ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ವಿಲ್ಹೆಲ್ಮ್ ಫೆಲ್ಡ್‌ಬರ್ಗ್ ಮತ್ತು ಚಾರ್ಲ್ಸ್ ಕೆಲ್ಲವೇ ಗಿನಿಯಿಲಿಯ ಶ್ವಾಸಕೋಶದೊಳಕ್ಕೆ ನಾಗರಹಾವಿನ ವಿಷ ಹರಿಸಿ, ಹೊರಬಂದ ದ್ರವವನ್ನು ಗಿನಿಯಿಲಿಯ ಕರುಳಿನ ತುಣುಕಿಗೆ ಸೋಕಿಸಿದರು. ಹಿಸ್ಟಮಿನ್ ಸೋಕಿದರೆ ಕರುಳು ಥಟ್ಟನೆ ಸೆಳೆದುಕೊಂಡು ಬೇಗ ಸಡಿಲವಾಗುತ್ತದೆ. ಈ ದ್ರವದಲ್ಲಿದ್ದ ಇನ್ನೊಂದು ವಸ್ತು ಹಾಗಲ್ಲ, ನಿಧಾನವಾಗಿ ಹಿಡಿದು ಬಹಳ ಹೊತ್ತು ಬಿಡುತ್ತಲೇ ಇರಲಿಲ್ಲ. ಅಲರ್ಜಿಯ ಆಘಾತದಲ್ಲೂ ಇಂಥದ್ದೇ ವಸ್ತು ಹೊರಬೀಳುತ್ತದೆ ಎಂದು ಕೆಲ್ಲವೇ ಮತ್ತು ಟ್ರೆಥ್ಯುವಿ 1940ರಲ್ಲಿ ತೋರಿಸಿದರು. 1960ರಲ್ಲಿ ಬ್ರಾಕಲ್‌ಹರ್ಸ್ಟ್ ಇದಕ್ಕೆ ಎಸ್‌ಆರ್‌ಎಸ್-ಎ ಎಂದು ಹೆಸರಿಟ್ಟರು. ಆಸ್ತಮಾದಲ್ಲಿ ಉಸಿರುನಾಳ ಬಿಗಿಯುವುದಕ್ಕೆ ಇದೇ ಕಾರಣವಿರಬೇಕೆಂಬ ಗುಮಾನಿ ಬಲವಾಗಿತ್ತು. ಆದರೆ ವಸ್ತು ಸಿಗುತ್ತಿದ್ದದ್ದು ಅತ್ಯಲ್ಪ, ಅದೂ ಬೇಗ ಹಾಳಾಗುತ್ತಿತ್ತು. ಸುಮಾರು 40 ವರ್ಷ ಅದರ ರಚನೆ ಯಾರ ಕೈಗೂ ಸಿಗಲಿಲ್ಲ.

ಕೊನೆಗೆ ಗಂಟು ಬಿಚ್ಚಿದವರು ಎಸ್‌ಆರ್‌ಎಸ್-ಎ ಹುಡುಕಲು ಹೊರಟವರಲ್ಲ. ಸ್ಟಾಕ್‌ಹೋಮ್‌ನ ಕರೋಲಿನ್‌ಸ್ಕಾ ಸಂಸ್ಥೆಯ ಬೆಂಗ್ಟ್ ಸಾಮ್ಯುಯೆಲ್ಸನ್ ಅವರ ಬಳಗ ಅರಾಕಿಡೋನಿಕ್ ಆಮ್ಲವೆಂಬ ಕೊಬ್ಬಿನ ಹಿಂದೆ ಬಿದ್ದಿತ್ತು. ನಮ್ಮ ಜೀವಕೋಶಗಳ ಪೊರೆಯಲ್ಲಿ ಹುದುಗಿರುವ, 20 ಇಂಗಾಲದ ಉದ್ದನೆಯ ಸರಪಳಿ ಅದು. 1974ರಲ್ಲಿ ಮ್ಯಾಟ್ಸ್ ಹ್ಯಾಮ್‌ಬರ್ಗ್ ಮತ್ತು ಸಾಮ್ಯುಯೆಲ್ಸನ್, ಮನುಷ್ಯರ ರಕ್ತದ ಕಿರುಬಿಲ್ಲೆಗಳು ಈ ಸರಪಳಿಯ 12ನೇ ಇಂಗಾಲಕ್ಕೆ ಆಮ್ಲಜನಕ ಸೇರಿಸುತ್ತವೆ ಎಂದು ಕಂಡುಕೊಂಡರು. ಸೋಯಾ ಕಾಳಿನ ಕಿಣ್ವದ ಬಂಧು ಮನುಷ್ಯನಲ್ಲೂ ಇತ್ತು!

ಹಾಗಾದರೆ ರೋಗ ತಡೆಯುವ ಬಿಳಿರಕ್ತಕಣಗಳು ಈ ಕೊಬ್ಬನ್ನು ಏನು ಮಾಡುತ್ತವೆ? ಕೆನಡಾದಿಂದ ಬಂದಿದ್ದ ಪಿಯರ್ ಬೋರ್ಜಾ ಮೊದಲು ಮೊಲದ, ಆಮೇಲೆ ಮನುಷ್ಯರ ಬಿಳಿರಕ್ತಕಣಗಳನ್ನು ಕೈಗೆತ್ತಿಕೊಂಡರು. ಇಲ್ಲಿ ಆಮ್ಲಜನಕ ಸೇರುತ್ತಿದ್ದದ್ದು 5ನೇ ಇಂಗಾಲಕ್ಕೆ. ಜೊತೆಗೆ 5 ಮತ್ತು 12 ಎರಡೂ ಜಾಗದಲ್ಲಿ ಆಮ್ಲಜನಕವಿದ್ದ ಇನ್ನೊಂದು ಅಣುವೂ ಸಿಕ್ಕಿತು.

ಆಗ ಅವರು ಮಾಡಿದ ಪ್ರಯೋಗ ನನಗೆ ಈ ಇಡೀ ಕತೆಯ ಜೀವಾಳವೆನಿಸುತ್ತದೆ. ಆ ಎರಡು ಆಮ್ಲಜನಕ ಪರಮಾಣುಗಳು ಎಲ್ಲಿಂದ ಬಂದವು ಎಂದು ಕೇಳಿದರು. ತೂಕ ಹೆಚ್ಚಿರುವ ಆಮ್ಲಜನಕ-18 ಅನ್ನು ಒಮ್ಮೆ ಗಾಳಿಯಲ್ಲಿ, ಇನ್ನೊಮ್ಮೆ ನೀರಿನಲ್ಲಿ ಕೊಟ್ಟು ನೋಡಿದರು. 5ನೆಯದರ ಮೇಲಿದ್ದದ್ದು ಗಾಳಿಯದು, 12ನೆಯದರ ಮೇಲಿದ್ದದ್ದು ನೀರಿನದು. ಅಂದರೆ ಕಿಣ್ವ ಎರಡು ಕಡೆ ಗಾಳಿ ಸೇರಿಸಿರಲಿಲ್ಲ. ನಡುವೆ ಅಲ್ಪಾಯುಷಿಯಾದ ಒಂದು ಅಣು ಹುಟ್ಟಿ, ನೀರು ತಾಗಿದೊಡನೆ ಬದಲಾಗುತ್ತಿತ್ತು. ಅದನ್ನು ಹಿಡಿಯಲು ಜೀವಕೋಶಗಳ ಮೇಲೆ ಮೆಥನಾಲ್ ಸುರಿದರು. ನೀರಿನ ಜಾಗದಲ್ಲಿ ಮೆಥನಾಲ್ ಬಂದು ಕೂತಿತು, ಕಣ್ಣಿಗೆ ಕಾಣದ ಅಣುವಿಗೆ ಸಾಕ್ಷಿ ದೊರಕಿತು. ಈ ಬಗೆಯ ಅಣುಗಳ ಕುಟುಂಬಕ್ಕೆ 1979ರಲ್ಲಿ ಲ್ಯೂಕೋಟ್ರಯೀನ್ ಎಂದು ಹೆಸರಿಟ್ಟರು.

ಹಳೆಯ ಒಗಟಿನ ನೆನಪಾದದ್ದು ಇದೇ ಹೊತ್ತಿಗೆ. ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗಿಸುವ ರಾಸಾಯನಿಕ ಕೊಟ್ಟರೆ ಲ್ಯೂಕೋಟ್ರಯೀನ್ ಹೆಚ್ಚುತ್ತಿತ್ತು, ಎಸ್‌ಆರ್‌ಎಸ್-ಎ ಕೂಡ ಹೆಚ್ಚುತ್ತಿತ್ತು. ಎರಡೂ ಅತಿನೇರಳೆ ಬೆಳಕನ್ನು ಹೆಚ್ಚುಕಡಿಮೆ ಒಂದೇ ರೀತಿ ಹೀರುತ್ತಿದ್ದವು: ಒಂದು 270 ನ್ಯಾನೊಮೀಟರ್‌ನಲ್ಲಿ, ಇನ್ನೊಂದು 280ರಲ್ಲಿ. ಆ 10ರ ವ್ಯತ್ಯಾಸಕ್ಕೆ ಗಂಧಕ ಕಾರಣವಿರಬಹುದೇ? ರಾಬರ್ಟ್ ಮರ್ಫಿ, ಸ್ವೆನ್ ಹ್ಯಾಮರ್‌ಸ್ಟ್ರೋಮ್ ಮತ್ತು ಸಾಮ್ಯುಯೆಲ್ಸನ್ ಇಲಿಯ ಗಡ್ಡೆಯ ಕೋಶಗಳಿಂದ ವಸ್ತು ತೆಗೆದು ನೋಡಿದರು. ಗಂಧಕವಿದ್ದದ್ದು ನಿಜ. ಅಣುವಿನ ದ್ವಿಬಂಧಗಳು ಎಲ್ಲೆಲ್ಲಿವೆ ಎಂದು ತಿಳಿಯಲು ಅವರು ಬಳಸಿದ ಸಾಧನಗಳಲ್ಲಿ ಒಂದು ಅದೇ ಸೋಯಾ ಕಾಳಿನ ಲಿಪಾಕ್ಸಿಜನೇಸ್! ಅದು ತಾಗಿದಾಗ ಬೆಳಕು ಹೀರುವ ಜಾಗ 280ರಿಂದ 308ಕ್ಕೆ ಸರಿಯಿತು. ಹಾರ್ವರ್ಡ್‌ನ ಇ. ಜೆ. ಕೋರಿ ಅವರ ಬಳಗ ಅಣುವನ್ನು ಪ್ರಯೋಗಾಲಯದಲ್ಲೇ ತಯಾರಿಸಿ ರಚನೆಯನ್ನು ಖಚಿತಪಡಿಸಲು ನೆರವಾಯಿತು. ಎಸ್‌ಆರ್‌ಎಸ್-ಎ ಎಂದರೆ ಗಂಧಕವಿರುವ ಲ್ಯೂಕೋಟ್ರಯೀನ್‌ಗಳ ಮಿಶ್ರಣ. ಉಸಿರುನಾಳ ಬಿಗಿಯುವುದರಲ್ಲಿ ಅವು ಹಿಸ್ಟಮಿನ್‌ಗಿಂತ ಸುಮಾರು 1000 ಪಟ್ಟು ಪ್ರಬಲ. ಗಂಧಕವಿಲ್ಲದ ಲ್ಯೂಕೋಟ್ರಯೀನ್ ಬಿ4ರ ಕೆಲಸ ಬೇರೆ: ಗಾಯವಾದ ಕಡೆಗೆ ಬಿಳಿರಕ್ತಕಣಗಳನ್ನು ಕರೆಯುವುದು. ಸಾಮ್ಯುಯೆಲ್ಸನ್ 1982ರ ನೊಬೆಲ್ ಪ್ರಶಸ್ತಿಯನ್ನು ಸುನೆ ಬರ್ಗ್‌ಸ್ಟ್ರೋಮ್ ಮತ್ತು ಜಾನ್ ವೇನ್ ಜೊತೆ ಹಂಚಿಕೊಂಡರು.

ಕಿಣ್ವ ಗೊತ್ತಾದರೂ ಅದರ ಜೊತೆಗಾರ ಗೊತ್ತಾಗಿರಲಿಲ್ಲ. ಮರ್ಕ್ ಕಂಪನಿಯ ಕೆನಡಾ ಪ್ರಯೋಗಾಲಯದವರ ಬಳಿ ಎಂಕೆ-886 ಎಂಬ ರಾಸಾಯನಿಕವಿತ್ತು. ಇಡೀ ಕೋಶದಲ್ಲಿ ಅದು ಲ್ಯೂಕೋಟ್ರಯೀನ್ ತಯಾರಿಕೆಯನ್ನು ನಿಲ್ಲಿಸುತ್ತಿತ್ತು, ಬೇರ್ಪಡಿಸಿದ ಕಿಣ್ವವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಹಾಗಾದರೆ ಅದು ಹಿಡಿಯುತ್ತಿದ್ದದ್ದು ಯಾವುದನ್ನು? ಆ ರಾಸಾಯನಿಕವನ್ನೇ ಗಾಳವಾಗಿಸಿ ಹುಡುಕಿದಾಗ 1990ರಲ್ಲಿ ಪೊರೆಯಲ್ಲಿ ಅಡಗಿದ್ದ ಫ್ಲ್ಯಾಪ್ ಎಂಬ ಪುಟ್ಟ ಪ್ರೋಟೀನ್ ಸಿಕ್ಕಿತು. ಹೂ ಕಟ್ಟುವವರ ಪಕ್ಕ ಕೂತು ಒಂದೊಂದೇ ಹೂ ಎತ್ತಿಕೊಡುವವರ ಹಾಗೆ ಅದು ಅರಾಕಿಡೋನಿಕ್ ಆಮ್ಲವನ್ನು ಕಿಣ್ವದ ಕೈಗಿಡುತ್ತದೆ.

ಇದೇ ಕುಟುಂಬದ ಕಿಣ್ವಗಳು ಉರಿಯೂತವನ್ನು ತಣಿಸುವ ಲಿಪಾಕ್ಸಿನ್‌ಗಳನ್ನೂ ಮಾಡುತ್ತವೆ. 1984ರಲ್ಲಿ ಚಾರ್ಲ್ಸ್ ಸೆರ್ಹಾನ್, ಹ್ಯಾಮ್‌ಬರ್ಗ್ ಮತ್ತು ಸಾಮ್ಯುಯೆಲ್ಸನ್ ಅವನ್ನು ಮನುಷ್ಯರ ಬಿಳಿರಕ್ತಕಣಗಳಲ್ಲೇ ಕಂಡರು. ಈ ಕಿಣ್ವಗಳನ್ನು ಬರೀ ಕೇಡಿಗರೆಂದು ಕರೆಯುವುದು ಅನ್ಯಾಯ.

ಈ ಹುಡುಕಾಟದ ಫಲ ಇಂದು ನಮ್ಮೂರಿನ ಔಷಧದಂಗಡಿಯಲ್ಲೂ ಇದೆ. 5ನೇ ಇಂಗಾಲಕ್ಕೆ ಆಮ್ಲಜನಕ ಸೇರಿಸುವ ಆ ಕಿಣ್ವವನ್ನೇ, ಅಂದರೆ 5-ಲಿಪಾಕ್ಸಿಜನೇಸನ್ನೇ, ತಡೆಯುವ ಜೈಲ್ಯೂಟನ್‌ಗೆ ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಸಿಕ್ಕಿತು. ಲ್ಯೂಕೋಟ್ರಯೀನ್ ಹೋಗಿ ಕೂರುವ ಜಾಗವನ್ನು ಮುಚ್ಚುವ ಮಾಂಟೆಲುಕಾಸ್ಟ್ 1998ರಲ್ಲಿ ಬಂತು. ಶೀತ, ಸೀನು, ಅಲರ್ಜಿ ಎಂದು ಹೋದರೆ ಲೆವೊಸೆಟಿರಿಜಿನ್ ಜೊತೆ ಸೇರಿಸಿ ವೈದ್ಯರು ಬರೆದುಕೊಡುವ ಮಾತ್ರೆಯಲ್ಲಿ ಇದೂ ಇರುತ್ತದೆ. ಮಾಂಟೆಲುಕಾಸ್ಟ್ ಕೆಲವರಲ್ಲಿ ನಿದ್ದೆ ಕೆಡಿಸಿ ಮನಸ್ಸಿನ ಸ್ಥಿತಿಯ ಮೇಲೂ ಪರಿಣಾಮ ಬೀರಬಹುದೆಂದು ಅಮೆರಿಕದ ಔಷಧ ನಿಯಂತ್ರಕರು 2020ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ನೀಡಿದ್ದಾರೆ. ಹಳೆಯ ಚೀಟಿ ಹಿಡಿದು ನೀವಾಗಿಯೇ ಕೊಂಡು ನುಂಗಬೇಡಿ. ಮನೆಯ ಮಕ್ಕಳು ಇದನ್ನು ತೆಗೆದುಕೊಳ್ಳುತ್ತಿದ್ದು ದುಃಸ್ವಪ್ನ, ಸಿಡುಕು, ಮಂಕು ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸಿ.